ಹಳೇ ಪಿಕಪ್‌ನಲ್ಲಿ ಗೇರ್ ಬದಲಾಗ್ತಿಲ್ವಾ? ಬಾಟಲಿ, ಹೊಸ ಆಯಿಲ್, ಮಲ್ಟಿಮೀಟರ್ ಮೂರನ್ನೂ ಮಾಡಿ ನೋಡಿದೆ

ಟೆಕ್ಸಸ್‌ಗೆ ಬಂದ ಮೇಲೆ ನಾನು ಕೊಂಡ ಮೊದಲ ಗಾಡಿ 2001ರ ಒಂದು ಪಿಕಪ್. ನಾಲ್ಕು ಗೇರಿನ ಆಟೊಮ್ಯಾಟಿಕ್, 1,70,000 ಮೈಲಿ ಓಡಿದೆ. ತೋಟಕ್ಕೆ ಮಣ್ಣು, ಗೊಬ್ಬರ, ಗೆಳೆಯರು ಮನೆ ಬದಲಿಸಿದರೆ ಅವರ ಸೋಫಾ, ಗಣೇಶನ ಹಬ್ಬಕ್ಕೆ ಮಂಟಪದ ಸಾಮಾನು, ಎಲ್ಲಾ ಇದರಲ್ಲೇ. ಹೋದ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿ ಓಡುತ್ತೆ. ಇಪ್ಪತ್ತು ನಿಮಿಷ ಆದ ಮೇಲೆ ಸಿಗ್ನಲ್‌ನಿಂದ ಹೊರಡುವಾಗ ಹಿಂದೆ ಬಂಡೆ ಕಟ್ಟಿದ ಹಾಗೆ ಭಾರ, ಆಮೇಲೆ ಒಂದೇ ಒಂದು ಸಲ ಧಡ್ ಅಂತ ಗೇರ್ ಬೀಳುತ್ತೆ, ಹೈವೇನಲ್ಲಿ 65 ಮೈಲಿ ವೇಗಕ್ಕೆ 1,900 ತೋರಿಸುತ್ತಿದ್ದ ಆರ್‌ಪಿಎಂ ಮುಳ್ಳು 2,700ರ ಹತ್ತಿರ ನಿಲ್ಲುತ್ತೆ.

ಒಂದು ಗ್ಯಾರೇಜಿಗೆ ತೋರಿಸಿದೆ. ಒಂದು ಸುತ್ತು ಓಡಿಸಿ, ಏನೂ ಬಿಚ್ಚದೆ, "ಗೇರ್‌ಬಾಕ್ಸ್ ಇಳಿಸಿ, ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸಿ ರಿಬಿಲ್ಡ್ ಮಾಡಬೇಕು, 2,900 ಡಾಲರ್" ಅಂದರು. ಗಾಡಿ ಮಾರಿದರೂ ಅಷ್ಟು ಬರಲ್ಲ. ಸರಿ, ಮೊದಲು ಮನೆಯಲ್ಲೇ ನೋಡೋಣ ಅಂತ ಹೊರಟೆ.

ಮೊದಲು ಗೇರ್‌ಬಾಕ್ಸ್ ಆಯಿಲ್‌ಗೆ ಬೆರೆಸುವ ರಿಪೇರಿ ದ್ರವದ 14 ಡಾಲರ್‌ನ ಬಾಟಲಿ ತಂದು ಸುರಿದೆ. ಎರಡು ವಾರ ಓಡಿಸಿದೆ. ಏನೂ ಬದಲಾಗಲಿಲ್ಲ. ಒಳಗಿನ ರಬ್ಬರ್ ಸೀಲ್‌ಗಳನ್ನು ಸ್ವಲ್ಪ ಉಬ್ಬಿಸೋದು ಇಂಥ ಬಾಟಲಿಗಳ ಮುಖ್ಯ ಕೆಲಸ. ಸೀಲ್ ಒಣಗಿ ಆಯಿಲ್ ಜಿನುಗುತ್ತಿದ್ದರೆ ಸ್ವಲ್ಪ ದಿನ ತಡೆದೀತು. ಬೇರೆ ತೊಂದರೆಗೆ ದುಡ್ಡು ದಂಡ.

ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ, ಸುಮಾರು 70 ಡಾಲರ್, ಒಂದು ಶನಿವಾರ ಪೂರ್ತಿ. ಇದು ನನ್ನ ತೊಂದರೆ ಬಿಡಿಸಲಿಲ್ಲ, ಆದರೂ ಮಾಡಿದ್ದಕ್ಕೆ ಖುಷಿ ಇದೆ, ಯಾಕಂದ್ರೆ ಗೇರ್‌ಬಾಕ್ಸಿನ ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣೋದು ಆಗಲೇ. ಹೊಸ ಎಟಿಎಫ್, ಅಂದ್ರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಪುನರ್ಪುಳಿ ಶರಬತ್ತಿನ ಬಣ್ಣ. ನನ್ನದು ಕಂದು ತಿರುಗಿತ್ತು, ಆದರೆ ಸೀದ ವಾಸನೆ ಇರಲಿಲ್ಲ. ಗೇರ್‌ಬಾಕ್ಸಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆ ಇದೆ, ಅದೇ ಪ್ಯಾನ್; ಅದರ ತಳದಲ್ಲಿ ಒಂದು ಅಯಸ್ಕಾಂತ ಕೂತಿರುತ್ತೆ. ಅಯಸ್ಕಾಂತದ ಮೇಲೆ ಒದ್ದೆ ವಿಭೂತಿ ತರಹ ನುಣ್ಣನೆ ಬೂದು ಪೇಸ್ಟ್ ಇತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಚುಚ್ಚುವ ಚೂರು ಒಂದೂ ಸಿಗಲಿಲ್ಲ. ಅಷ್ಟು ಪೇಸ್ಟ್ ಹಳೇ ಗಾಡಿಯಲ್ಲಿ ಮಾಮೂಲು. ಅಂದ್ರೆ ಕ್ಲಚ್‌ಗಳು (ಒಳಗೆ ಗೇರ್‌ಗಳನ್ನು ಹಿಡಿದುಕೊಳ್ಳುವ ಬಿಲ್ಲೆಗಳು) ಇನ್ನೂ ಸುಟ್ಟಿಲ್ಲ, 2,900 ಡಾಲರ್ ಮಾತು ಸದ್ಯಕ್ಕೆ ಬೇಡ ಅಂತ ಗಟ್ಟಿಯಾಯಿತು. ಒಂದು ವಿಷಯ ನೆನಪಿರಲಿ: ಇದರಲ್ಲಿ ಒಟ್ಟು ಸುಮಾರು 11 ಕ್ವಾರ್ಟ್ (ಒಂದು ಕ್ವಾರ್ಟ್ ಅಂದ್ರೆ ಹತ್ತಿರಹತ್ತಿರ ಒಂದು ಲೀಟರ್) ಆಯಿಲ್ ಹಿಡಿಯುತ್ತೆ, ಪ್ಯಾನ್ ಬಿಚ್ಚಿದರೆ ಇಳಿಯೋದು 5 ಮಾತ್ರ, ಉಳಿದದ್ದು ಹೆಚ್ಚಾಗಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲೇ ನಿಲ್ಲುತ್ತೆ. ತುಂಬಿದ ಮೇಲೆ ಮಟ್ಟ ನೋಡೋದು ಗಾಡಿ ಬಿಸಿಯಾಗಿ, ಎಂಜಿನ್ ಓಡುತ್ತಾ, ಗೇರ್ ಪಾರ್ಕ್‌ನಲ್ಲಿ ಇರುವಾಗ. ಎಂಜಿನ್ ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತೆ.

ಮೂರನೇದು ಮೀಟರ್. ಚೆಕ್ ಎಂಜಿನ್ ದೀಪ ಆಗಾಗ ಹತ್ತುತ್ತಿತ್ತು, ಏನೋ ಸೆನ್ಸರ್ ಇರಬೇಕು ಅಂತ ಸುಮ್ನೆ ಬಿಟ್ಟಿದ್ದೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಕೋಡ್ ರೀಡರ್ ತಂದೆ, 25 ಡಾಲರ್. ಅಮೆರಿಕದಲ್ಲಿ 1996ರಿಂದ ಈಚಿನ ಎಲ್ಲ ಕಾರು, ಪಿಕಪ್‌ಗಳಲ್ಲೂ ಸ್ಟಿಯರಿಂಗ್ ಕೆಳಗೆ ಅದನ್ನು ಚುಚ್ಚುವ ಜಾಗ ಇರುತ್ತೆ. ಚುಚ್ಚಿದ ತಕ್ಷಣ ಬಂತು: ಪಿ0753. ಶಿಫ್ಟ್ ಸೊಲೆನಾಯ್ಡ್ ಎ, ಕರೆಂಟ್ ಕಡೆಯ ದೋಷ. ಸೊಲೆನಾಯ್ಡ್ ಅಂದ್ರೆ ಕರೆಂಟ್‌ನಿಂದ ಆಯಿಲ್ ದಾರಿ ತೆರೆದು ಮುಚ್ಚಿ ಗೇರ್ ಬದಲಿಸುವ ಪುಟ್ಟ ವಾಲ್ವ್, ಅದರೊಳಗೆ ತಂತಿ ಸುತ್ತಿದ ಕಾಯಿಲ್ ಇರುತ್ತೆ. ಪಿ0751 ಬಂದಿದ್ದರೆ ವಾಲ್ವ್ ಅಂಟಿಕೊಂಡಿದೆಯಾ, ಕಸ ಸಿಕ್ಕಿದೆಯಾ ಅಂತ ಹುಡುಕಬೇಕಿತ್ತು. 753 ಅಂದ್ರೆ ವೈರು, ಕನೆಕ್ಟರು, ಇಲ್ಲ ಕಾಯಿಲ್.

ಇಲ್ಲಿಗೆ ಎಲ್ಲ ಲಕ್ಷಣವೂ ತಾಳೆಯಾಯಿತು. ನನ್ನ ಗೇರ್‌ಬಾಕ್ಸಿನಲ್ಲಿ ಎ, ಬಿ ಅಂತ ಎರಡು ಸೊಲೆನಾಯ್ಡ್ ಸೇರಿ ನಾಲ್ಕು ಗೇರ್ ನಡೆಸುತ್ತವೆ. ಎರಡಕ್ಕೂ ಕರೆಂಟ್ ಇದ್ದರೆ ಒಂದನೇ ಗೇರ್. ಬಿಗೆ ಮಾತ್ರ ಇದ್ದರೆ ಎರಡು. ಎರಡಕ್ಕೂ ಇಲ್ಲದಿದ್ದರೆ ಮೂರು. ಎಗೆ ಮಾತ್ರ ಇದ್ದರೆ ನಾಲ್ಕು. ಈಗ ಎ ಸತ್ತರೆ ಒಂದೂ ಇಲ್ಲ, ನಾಲ್ಕೂ ಇಲ್ಲ, ಉಳಿಯೋದು ಎರಡು ಮತ್ತು ಮೂರು. ಅದಕ್ಕೇ ಹೊರಡುವಾಗ ಆ ಭಾರ, ಅದಕ್ಕೇ ಒಂದೇ ಸಲ ಬದಲಾವಣೆ. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನೋದೇ ಗೇರಿನ ಅನುಪಾತ: ನಾಲ್ಕನೇದು 0.7, ಮೂರನೇದು 1. 1,900ನ್ನು 0.7ರಿಂದ ಭಾಗಿಸಿ ನೋಡಿ, ಸುಮಾರು 2,700 ಬರುತ್ತೆ ಅಲ್ವಾ? ಆ ಧಡ್ ಅನ್ನೋದಕ್ಕೂ ಕಾರಣ ಇದೆ. ದೋಷ ಕಂಡ ತಕ್ಷಣ ಕ್ಲಚ್ ಜಾರದೇ ಇರಲಿ ಅಂತ ಕಂಪ್ಯೂಟರ್ ಆಯಿಲ್ ಒತ್ತಡವನ್ನು ಪೂರ್ತಿ ಏರಿಸಿಬಿಡುತ್ತೆ.

ಗೇರ್‌ಬಾಕ್ಸ್ ಪಕ್ಕದ ದುಂಡನೆ ಕನೆಕ್ಟರ್ ಬಿಚ್ಚಿ, ಸರ್ವಿಸ್ ಪುಸ್ತಕ ನೋಡಿಕೊಂಡು ಸೊಲೆನಾಯ್ಡ್ ಎ ಕಾಯಿಲ್‌ನ ಎರಡು ಪಿನ್‌ಗೆ, ಕರೆಂಟ್ ಹರಿಯಲು ಇರುವ ತಡೆಯನ್ನು ಓಮ್‌ನಲ್ಲಿ ಅಳೆಯುವ ಮಲ್ಟಿಮೀಟರ್ ಹಿಡಿದೆ. ತಣ್ಣಗಿದ್ದಾಗ 24 ಓಮ್, ಸರಿಯಾಗಿಯೇ ಇದೆ. ಅರ್ಧ ಗಂಟೆ ಓಡಿಸಿ ಬಂದು, ಸೈಲೆನ್ಸರ್ ಪೈಪ್ ಸುಡುತ್ತೆ ಅಂತ ಗ್ಲೌಸ್ ಹಾಕಿ, ಮತ್ತೆ ಹಿಡಿದರೆ ಮೀಟರ್ ಓಪನ್ ಅಂತ ತೋರಿಸಿತು, ಅಂದ್ರೆ ಕರೆಂಟ್ ಹರಿಯುವ ದಾರಿಯೇ ಕಡಿದಿದೆ. ಕಾಯಿಲ್ ಬಿಸಿಯಾದಾಗ ಒಳಗೆ ತಂತಿ ಬಿಟ್ಟುಕೊಳ್ಳುತ್ತಿದೆ. ತಣ್ಣಗಿರುವಾಗ ಮಾತ್ರ ಅಳೆದಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಸೊಲೆನಾಯ್ಡ್‌ಗೆ 28 ಡಾಲರ್. ಪ್ಯಾನ್ ಮತ್ತೆ ಬಿಚ್ಚಿದೆ, ಹೊಸದನ್ನು ಕೂರಿಸಿದೆ. ಪ್ಯಾನ್‌ನ 16 ಬೋಲ್ಟ್‌ಗಳಿಗೆ 11 ನ್ಯೂಟನ್ ಮೀಟರ್ ಸಾಕು, ಜಾಸ್ತಿ ಬಿಗಿ ಮಾಡಿದರೆ ಗ್ಯಾಸ್ಕೆಟ್ ಹಿಂಡಿ ಸೋರುತ್ತೆ. ಮೊದಲೇ ಅಳೆದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಎರಡು ಸಲ ಬಿಚ್ಚಿದ್ದರಿಂದ ಆಯಿಲ್ ಮಾತ್ರ ಬಹುಪಾಲು ಹೊಸದಾಯಿತು. ಏಳು ತಿಂಗಳಾಯಿತು, ಟೆಕ್ಸಸ್ ಬಿಸಿಲಲ್ಲೂ ನಾಲ್ಕೂ ಗೇರ್ ನಯವಾಗಿ ಬೀಳುತ್ತಿವೆ, ಮುಳ್ಳು 1,900ಕ್ಕೆ ವಾಪಸ್ ಬಂದಿದೆ.

ಹಾಗಂತ ಗ್ಯಾರೇಜಿನವರ ಮಾತು ಎಲ್ಲ ಗಾಡಿಗೂ ತಪ್ಪು ಅಂತಲ್ಲ. ಆಯಿಲ್ ಕಪ್ಪಾಗಿ ಸೀದ ವಾಸನೆ ಬರುತ್ತಿದ್ದರೆ, ಅಯಸ್ಕಾಂತದ ಮೇಲೆ ಲೋಹದ ಚೂರು ಕಂಡರೆ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ, ಕ್ಲಚ್ ಮುಗಿದಿರುವ ಸಾಧ್ಯತೆಯೇ ಜಾಸ್ತಿ. ಅಂಥದ್ದಕ್ಕೆ 28 ಡಾಲರ್‌ನ ಸೊಲೆನಾಯ್ಡ್ ಸಾಲಲ್ಲ. ನನ್ನ ಗಾಡಿಗೆ ಆ ದಿನ ಬಂದರೆ ಎರಡು ಮೂರು ಕಡೆ ರೇಟ್ ಕೇಳಿ, ಪ್ಯಾನ್ ಬಿಚ್ಚಿ ಒಳಗಿರೋದನ್ನು ತೋರಿಸಿ ಮಾತಾಡುವವರ ಕೈಗೆ ಕೊಡ್ತೀನಿ.