ಫೈಲ್ ಉಳಿಯಿತು, ಅಳತೆ ಉಳಿಯಲಿಲ್ಲ

ಪಿಎಚ್‌ಡಿ ಮುಗಿಸಿ ಸಂಸ್ಥೆ ಬಿಡುವ ಹೊತ್ತಿನಲ್ಲಿದ್ದೀರಾ? ಹಾಗಾದರೆ ದಯವಿಟ್ಟು ಇದನ್ನು ಓದಿ. ಕಾಡು, ಹಳ್ಳ, ಹೊಲ ಅಂತ ಓಡಾಡಿ ಅಳತೆ ತರುವವರಂತೂ ತಪ್ಪದೇ ಓದಿ.

2014ರಿಂದ 2017ರವರೆಗೆ ತೀರ್ಥಹಳ್ಳಿ ಕಡೆಯ ಎಂಟು ಹಳ್ಳಗಳಲ್ಲಿ ನಾನು ಲಾಗರ್ ಇಟ್ಟಿದ್ದೆ. ಗೇಣುದ್ದದ ಸ್ಟೀಲ್ ಕೊಳವೆ ಅದು. ನೀರಿನೊಳಗೆ ಬಂಡೆಗೆ ಬಿಗಿದು ಬಂದರೆ 15 ನಿಮಿಷಕ್ಕೊಮ್ಮೆ ನೀರಿನ ಉಷ್ಣಾಂಶ, ಒತ್ತಡ ಎರಡನ್ನೂ ತಾನೇ ದಾಖಲಿಸುತ್ತದೆ. ದಿನಕ್ಕೆ 96 ಸಲ. ಎಂಟು ಹಳ್ಳ, ನಾಲ್ಕು ವರ್ಷ ಸೇರಿದರೆ 11 ಲಕ್ಷಕ್ಕೂ ಜಾಸ್ತಿ ಸಾಲು. ಉಂಬಳ ಕಚ್ಚಿಸಿಕೊಂಡು, ಜುಲೈ ಮಳೆಯಲ್ಲಿ ಹಗ್ಗ ಹಿಡಿದು ಇಳಿದು ತಂದ ಅಳತೆ.

ಥೀಸಿಸ್‌ಗೆ ಬೇಕಾದಷ್ಟನ್ನು ಬಳಸಿದೆ. ಉಳಿದದ್ದು ಇದ್ದೇ ಇರುತ್ತದಲ್ವಾ ಅಂದುಕೊಂಡೆ. ಸಂಸ್ಥೆ ಕೊಟ್ಟ ಖಾತೆಯ ಡ್ರೈವ್‌ನಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಒಂದಿಷ್ಟು ಎಕ್ಸೆಲ್ ಹಾಳೆ. ಮೂರು ಕಡೆ ಇದೆ ಅಂತ ನೆಮ್ಮದಿಯಾಗಿದ್ದೆ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದಳು. "ಸರ್, ಅದೇ ಹಳ್ಳಗಳಲ್ಲಿ ಮತ್ತೆ ಅಳತೆ ಶುರು ಮಾಡ್ತಿದೀನಿ. ನಿಮ್ಮ ಹಳೇ ಡೇಟಾ ಕೊಡ್ತೀರಾ?" ಎಷ್ಟು ಖುಷಿಯಾಯಿತು ಗೊತ್ತಾ! ಇಂಥ ಅಳತೆಗೆ ಬೆಲೆ ಬರುವುದೇ ಇಷ್ಟು ವರ್ಷ ಬಿಟ್ಟು ಮತ್ತೆ ಹೋಲಿಸಿದಾಗ. ಆ ವರ್ಷಗಳ ನೀರನ್ನು ಮತ್ತೆ ಹೋಗಿ ಅಳೆಯಲು ಯಾರಿಂದಲೂ ಆಗುವುದಿಲ್ಲ.

ಅವತ್ತು ರಾತ್ರಿ ಡ್ರೈವ್ ತೆರೆಯಲು ಹೋದರೆ ಖಾತೆಯೇ ಇಲ್ಲ. ಸಂಸ್ಥೆಗೆ ಬರೆದೆ. ಬಿಟ್ಟುಹೋದವರ ಖಾತೆಯನ್ನು ಆರು ತಿಂಗಳ ನಂತರ ಮುಚ್ಚುತ್ತೇವೆ, ಫೈಲ್‌ಗಳೂ ಹೋಗುತ್ತವೆ ಎಂದರು. ಮುಂಚೆಯೇ ಸೂಚನೆ ಕಳಿಸಿದ್ದರಂತೆ. ಅದು ಹೋಗಿದ್ದು ಅದೇ ಖಾತೆಯ ಮೇಲ್‌ಗೆ. ಕೆಲಸ ಬದಲಾದ ಮೇಲೆ ನಾನು ಅದನ್ನು ತೆರೆದೇ ಇರಲಿಲ್ಲ.

ಹಾರ್ಡ್ ಡಿಸ್ಕ್ ಐದು ವರ್ಷದಿಂದ ಬೀರುವಿನಲ್ಲಿತ್ತು. ಹಚ್ಚಿದರೆ ಟಿಕ್ ಟಿಕ್ ಶಬ್ದ, ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಬ್ಬರು ಅದರಿಂದ ಸುಮಾರು ಅರ್ಧದಷ್ಟು ಫೈಲ್ ತೆಗೆದುಕೊಟ್ಟರು. ಹೆಸರೆಲ್ಲ ಅಳಿಸಿಹೋಗಿತ್ತು, ಬರೀ ನಂಬರ್.

ನಿಜವಾದ ನಷ್ಟ ಗೊತ್ತಾಗಿದ್ದು ಆ ಫೈಲ್‌ಗಳನ್ನು ತೆರೆದಾಗ. ಪ್ರತಿಯೊಂದರಲ್ಲೂ ಲಾಗರ್‌ನ ಸಂಖ್ಯೆ ಇತ್ತು. ಆ ಲಾಗರ್ ಯಾವಾಗ ಯಾವ ಹಳ್ಳದಲ್ಲಿತ್ತು? ಬ್ಯಾಟರಿ ಹಾಕಿಸಲು ತಂದಾಗ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಿದ್ದೆವು. ಆ ಪಟ್ಟಿ ಡ್ರೈವ್‌ನಲ್ಲಿ ಮಾತ್ರ ಇತ್ತು.

ಎಕ್ಸೆಲ್ ಹಾಳೆಯಲ್ಲಿ ಮಾರ್ಚ್ 7ರಂದು ಹಳ್ಳ ಉಕ್ಕಿ ಹರಿದಿತ್ತು. ಮಲೆನಾಡಿನಲ್ಲಿ ಮಾರ್ಚ್‌ನಲ್ಲಿ ಎಲ್ಲಿಯ ನೆರೆ? ಅದು ಜುಲೈ 3. ನಾನು 03/07/2015 ಅಂತ ಬರೆದಿದ್ದನ್ನು ಅಮೆರಿಕನ್ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ ತಿರುಗಿಸಿ ಓದಿತ್ತು. ದಿನ 12 ದಾಟಿದಾಗ ಅದಕ್ಕೆ ತಿಂಗಳು ಸಿಗುವುದಿಲ್ಲ, ಹಾಗಾಗಿ ಆ ಸಾಲುಗಳು ಬರೀ ಅಕ್ಷರವಾಗಿ ಬೇರೆ ಕಡೆ ಕೂತಿದ್ದವು. 2015-07-03 ಅಂತ ವರ್ಷ ಮೊದಲು ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಎರಡು ಲಾಗರ್‌ಗಳಲ್ಲಿ ನೀರು ಅತಿ ಬಿಸಿಯಾಗಿದ್ದು ಬೆಳಗ್ಗೆ ಒಂಬತ್ತೂವರೆಗೆ. ಅವುಗಳ ಗಡಿಯಾರ ಗ್ರೀನ್‌ವಿಚ್ ಸಮಯದಲ್ಲಿತ್ತು, ಅಂದರೆ ನಮ್ಮ ಮಧ್ಯಾಹ್ನ ಮೂರು. ಇನ್ನು ಖಾಲಿ ಜಾಗಕ್ಕೆಲ್ಲ ಯಾರೋ 0 ತುಂಬಿದ್ದರು. ನಾನೇ ಇರಬಹುದು. ಹಳ್ಳ ಬತ್ತಿತ್ತು ಅನ್ನುವುದೇ ಬೇರೆ, ಅಳತೆಯೇ ಇಲ್ಲ ಅನ್ನುವುದೇ ಬೇರೆ. ಬೇಸಿಗೆಯ ಹಳ್ಳದ ಬಗ್ಗೆ ಮಾತಾಡುವಾಗ ಆ ವ್ಯತ್ಯಾಸವೇ ಎಲ್ಲ.

ಇವನ್ನು ಹೇಗೋ ಸರಿ ಮಾಡಬಹುದಿತ್ತು. ನೀರಿನ ಆಳವನ್ನು ಮಾತ್ರ ಆಗಲಿಲ್ಲ. ಆಳವನ್ನು ಲೆಕ್ಕ ಹಾಕುವುದು ಒತ್ತಡದಿಂದ. ಆ ಲಾಗರ್ ಅಳೆಯುವುದು ಮೇಲಿನ ನೀರು ಮತ್ತು ಅದರ ಮೇಲಿನ ಗಾಳಿ, ಎರಡರ ಒತ್ತಡವನ್ನೂ ಕೂಡಿಸಿ. ಆದ್ದರಿಂದ ದಡದ ಮರಕ್ಕೆ ಇನ್ನೊಂದು ಲಾಗರ್ ಕಟ್ಟಿ ಗಾಳಿಯ ಒತ್ತಡವನ್ನು ಬೇರೆ ಅಳೆದು, ಆಮೇಲೆ ಕಳೆಯಬೇಕು. ಗಾಳಿಯ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಏರಿಳಿದರೆ ಸುಮಾರು ಒಂದು ಸೆಂಟಿಮೀಟರ್ ನೀರಿನಷ್ಟು ವ್ಯತ್ಯಾಸ. ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಇರುವುದೇ ಗೇಣು ನೀರು. ಗಾಳಿಯ ಫೈಲ್ ಸಿಗಲಿಲ್ಲ. ಎಂಟು ಹಳ್ಳಗಳ ಆಳ ಆ ಒಂದು ಫೈಲ್ ಜೊತೆಗೇ ಹೋಯಿತು.

ಕೊನೆಗೆ ನಮ್ಮ ಜೊತೆ ಹಳ್ಳ ಸುತ್ತುತ್ತಿದ್ದ ಊರಿನ ಹಿರಿಯರಿಗೆ ಫೋನ್ ಮಾಡಿದೆ. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. "ಅಣ್ಣಾ, ನೀವು ಬರೀತಿದ್ರಲ್ಲ ಆ ಪುಸ್ತಕ ಇದೆಯಾ?" ಅಂದೆ. "ಇದೆ ಮಾರಾಯ, ಅಟ್ಟದ ಟ್ರಂಕಿನಲ್ಲಿ," ಅಂದರು. ಇನ್ನೂರು ಪುಟದ ನೋಟ್ ಪುಸ್ತಕ. ಪೆನ್ಸಿಲ್‌ನಲ್ಲಿ ದಿನಾಂಕ, ಹಳ್ಳದ ಹೆಸರು, ಲಾಗರ್‌ನ ಸಂಖ್ಯೆ, ಕೋಲು ಇಟ್ಟು ನೋಡಿದ ಆಳ. ತಿಂಗಳನ್ನು ಆಷಾಢ, ಶ್ರಾವಣ ಅಂತ ಪಕ್ಕದಲ್ಲಿ ಬೇರೆ ಬರೆದಿದ್ದರು. ಅದನ್ನು ನೋಡಿ ಅಲ್ಲೇ ಜಗುಲಿಯಲ್ಲಿ ಕೂತುಬಿಟ್ಟೆ. ಆ ಪುಸ್ತಕದಿಂದ ಐದು ಹಳ್ಳಗಳ ಉಷ್ಣಾಂಶ ವಾಪಸ್ ಬಂತು.

ಇದು ನನ್ನೊಬ್ಬನ ಕಥೆಯಲ್ಲ. 2 ವರ್ಷದಿಂದ 22 ವರ್ಷದಷ್ಟು ಹಳೆಯ 516 ಸಂಶೋಧನಾ ಲೇಖನಗಳ ಡೇಟಾ ಹುಡುಕಿ ನೋಡಿದವರಿಗೆ, ಅದು ಸಿಗುವ ಸಾಧ್ಯತೆ ವರ್ಷಕ್ಕೆ ಶೇ 17ರಷ್ಟು ಇಳಿಯುವುದು ಕಂಡಿತ್ತು. ದೊಡ್ಡ ಕಂಪ್ಯೂಟರ್‌ನಲ್ಲಿದೆ ಅನ್ನುವ ಧೈರ್ಯವೂ ಬೇಡ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಲ್ಲಿ 77 ಟೆರಾಬೈಟ್ ಅಳಿಸಿಹೋಯಿತು. ಅಳಿಸಿದ್ದು ಬ್ಯಾಕಪ್ ಮಾಡಬೇಕಿದ್ದ ಪ್ರೋಗ್ರಾಮೇ.

ನೀವು ಐಡಿ ಕಾರ್ಡ್ ವಾಪಸ್ ಕೊಡುವ ಮೊದಲು ಎಲ್ಲವನ್ನೂ ಸ್ವಂತ ಖಾತೆಗೆ ಇಳಿಸಿಕೊಳ್ಳಿ, ಗೈಡ್‌ಗೂ ಒಂದು ಪ್ರತಿ ಕೊಡಿ. ಲಾಗರ್ ಕಂಪನಿಯ ಫೈಲ್ ಜೊತೆಗೆ ಸಿಎಸ್‌ವಿಯಲ್ಲೂ ಇಡಿ. ಅಂದರೆ ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಟೆಕ್ಸ್ಟ್ ಫೈಲ್, ಅದು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯುತ್ತದೆ. ಅದೇ ಫೋಲ್ಡರ್‌ನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್ ಇರಲಿ: ಯಾವ ಸಂಖ್ಯೆ ಯಾವ ಜಾಗ, ಗಡಿಯಾರ ಯಾವುದು, ಖಾಲಿ ಅಂದರೇನು, ಯಾವ ಫೈಲನ್ನು ಯಾವುದರಿಂದ ಕಳೆಯಬೇಕು. ನಿಮ್ಮನ್ನು ಕಂಡೇ ಇರದ ಒಬ್ಬರು ಓದುತ್ತಾರೆ ಅಂದುಕೊಂಡು ಬರೆಯಿರಿ. ಆಮೇಲೆ ಝೆನೋಡೋದಂಥ ಕಡೆ ಹಾಕಿ. ಅದು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಡೇಟಾ ಭಂಡಾರ, 2013ರಿಂದ ಇದೆ, ದುಡ್ಡು ಕೇಳುವುದಿಲ್ಲ, ಹಾಕಿದ್ದಕ್ಕೆ ಡಿಒಐ ಕೊಡುತ್ತದೆ, ಅಂದರೆ ಯಾರು ಬೇಕಾದರೂ ಅದನ್ನು ಹುಡುಕಿ ತೆಗೆಯಲು ಒಂದು ಕಾಯಂ ಗುರುತಿನ ಸಂಖ್ಯೆ. ನನ್ನ ನಾಲ್ಕು ವರ್ಷದ ಕೆಲಸ 100 ಎಂಬಿ ಕೂಡ ಇರಲಿಲ್ಲ. ಹಾಕಲು ಒಂದು ಮಧ್ಯಾಹ್ನ ಸಾಕಿತ್ತು.

ವಾಪಸ್ ಸಿಕ್ಕ ಆ ಐದು ಹಳ್ಳಗಳ ಉಷ್ಣಾಂಶವನ್ನು ಈಗ ಅಲ್ಲಿ ಹಾಕಿದ್ದೇನೆ, ಅಣ್ಣನ ಪುಸ್ತಕದ ಪ್ರತಿ ಪುಟದ ಸ್ಕ್ಯಾನ್ ಜೊತೆಗೆ. ಆ ವರ್ಷಗಳಲ್ಲಿ ನಮ್ಮ ಜೊತೆ ಫೀಲ್ಡ್‌ಗೆ ಬಂದಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಳೇ ಪೆನ್‌ಡ್ರೈವ್, ಹಳೇ ಲ್ಯಾಪ್‌ಟಾಪ್ ಒಮ್ಮೆ ತೆರೆದು ನೋಡಿ. ಮರಕ್ಕೆ ಕಟ್ಟಿದ್ದ ಆ ಲಾಗರ್‌ನ ಫೈಲ್ ಒಂದು ತಿಂಗಳದ್ದು ಸಿಕ್ಕರೂ ಸಾಕು, ನನಗೆ ತಿಳಿಸಿ.