ಹನ್ನೊಂದು ಮಕ್ಕಳ ಹೈಸ್ಕೂಲು: ಮೂರು ವರ್ಷ ಮಗಳನ್ನು ಕಳಿಸಿದ ಮೇಲೆ

ಶಾಲೆಯ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಚಿಕ್ಕದು ಅಂದರೆ, ಹೆಸರು ಹಾಕಿದರೆ ಯಾರ ಮನೆ, ಯಾವ ಮಗು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೆಂಗಳೂರಿನ ಹೊರಗೆ, ಹೆಂಚಿನ ಕಟ್ಟಡ, ಹೊಂಗೆ ಮರ, ಒಟ್ಟು 42 ಮಕ್ಕಳು. ಎಂಟು, ಒಂಬತ್ತು, ಹತ್ತು ಮೂರೂ ಸೇರಿದರೆ 11. ಪರ್ಯಾಯ ಶಾಲೆಯೇ, ಆದರೆ 1978ರಲ್ಲಿ ಶುರುವಾದ ವ್ಯಾಲಿ ಸ್ಕೂಲ್, 1990ರ ಸೆಂಟರ್ ಫಾರ್ ಲರ್ನಿಂಗ್ ತರಹ ಹೆಸರು ಮಾಡಿದ್ದಲ್ಲ. ಅಂಥವನ್ನು ನೋಡಿ ಆಸೆಪಟ್ಟವರು ನಾಲ್ಕು ಜನ ಸೇರಿ ಕಟ್ಟಿದ್ದು.

ಓದಿನ ವಿಷಯದಲ್ಲಿ ದೂರಿಲ್ಲ. ಹಳೇ ಶಾಲೆಯಲ್ಲಿ ಮಗಳ ಸೆಕ್ಷನ್‌ನಲ್ಲಿ 48 ಮಕ್ಕಳಿದ್ದರು. ಇಲ್ಲಿ ಒಂಬತ್ತನೇ ಕ್ಲಾಸ್ ಅಂದರೆ ನಾಲ್ಕೇ ಜನ. ಹೋಂವರ್ಕ್ ಮಾಡದೆ ಹಿಂದಿನ ಬೆಂಚಲ್ಲಿ ಅಡಗಿ ಕೂರೋಣ ಅಂದರೆ ಹಿಂದಿನ ಬೆಂಚೇ ಇಲ್ಲ. ಲೆಕ್ಕ ಅಂದರೆ ಅಳುತ್ತಿದ್ದವಳು ಆರು ತಿಂಗಳಲ್ಲಿ ಟೀಚರ್ ಹತ್ತಿರ ವಾದ ಮಾಡಲು ಶುರು ಮಾಡಿದಳು. ಆಟಕ್ಕೆ ಮಾತ್ರ ಕಷ್ಟ. ಕಬಡ್ಡಿಗೆ ಎರಡೂ ಕಡೆ ಸೇರಿ 14 ಜನ ಬೇಕಲ್ವಾ? ವಿಜ್ಞಾನದ ಮೇಷ್ಟ್ರು, ಡ್ರೈವರ್, ಅಡುಗೆಯ ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದರೆ ಸರಿಹೋಗುತ್ತಿತ್ತು. ಅಕ್ಕ ರೈಡ್‌ಗೆ ಹೋದರೆ ಹಿಡಿಯುವವರಿಲ್ಲ!

ಆ 11ರಲ್ಲಿ ಹುಡುಗಿಯರು ಮೂವರು. ಎರಡನೇ ವರ್ಷ ಒಬ್ಬಳ ಅಪ್ಪನಿಗೆ ಪುಣೆಗೆ ಟ್ರಾನ್ಸ್‌ಫರ್ ಆಯಿತು. ಉಳಿದವರು ಇಬ್ಬರು. ಆ ಇನ್ನೊಬ್ಬಳ ಜೊತೆ ಜಗಳ ಆದರೆ ಮುಗೀತು. ಹದಿನೈದು ದಿನ ನನ್ನ ಮಗಳು ಡಬ್ಬಿ ಹಿಡಿದುಕೊಂಡು ಅಡುಗೆಮನೆ ಕಟ್ಟೆ ಮೇಲೆ ಕೂತು ಊಟ ಮಾಡಿದ್ದಾಳೆ. ಕೇಳಿದ್ದಕ್ಕೆ ಶಾಲೆಯವರು, ಮಕ್ಕಳು ಅವರೇ ಸರಿಮಾಡಿಕೊಳ್ಳಲಿ ಅಂದರು. ದೊಡ್ಡ ಶಾಲೆಯಾದರೆ ಪಕ್ಕದ ಸೆಕ್ಷನ್‌ಗೆ ಹೋಗಿ ಕೂರಬಹುದು. ಇಲ್ಲಿ ಎಲ್ಲಿಗೆ ಹೋಗುವುದು?

ಸೇರಿಸುವಾಗ ಇಲ್ಲಿ ಎಲ್ಲ ಥರದ ಮನೆಗಳ ಮಕ್ಕಳೂ ಇದ್ದಾರೆ ಅಂದಿದ್ದರು. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಅದು ನಿಜ. ಪಕ್ಕದ ಹಳ್ಳಿಯ ಮಕ್ಕಳು ಕಡಿಮೆ ಫೀಸಿಗೆ ಬರುತ್ತಾರೆ, ಅಂಗಳದಲ್ಲಿ ಕನ್ನಡ ಜೋರಾಗಿ ಕೇಳುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅವರೆಲ್ಲ ಸರ್ಕಾರಿ ಶಾಲೆಗೆ ಹೋಗಿರುತ್ತಾರೆ. ಅವರ ಅಪ್ಪ ಅಮ್ಮನಿಗೆ ಹತ್ತನೇ ಕ್ಲಾಸ್ ಅಂದರೆ ಎಸ್‌ಎಸ್‌ಎಲ್‌ಸಿ, ಇಲ್ಲಿ ಅದಿಲ್ಲ. ಬೇರೆ ಯಾವುದನ್ನೂ ಅವರು ನಂಬುವುದಿಲ್ಲ, ನಂಬಿ ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ. ಹಾಗಾಗಿ ಪೇರೆಂಟ್ಸ್ ಮೀಟಿಂಗಲ್ಲಿ 11 ಮನೆಗಳಲ್ಲಿ ಎಂಟು ಸಾಫ್ಟ್‌ವೇರ್ ಮನೆ, ಕನ್ನಡ ಮಾತಾಡುವ ಮನೆ ಎರಡು. ಮಗಳ ಕನ್ನಡ ಉಳಿದಿದ್ದು ಡ್ರೈವರ್ ಅಣ್ಣನಿಂದ ಮತ್ತು ಆ ಅಡುಗೆಮನೆ ಕಟ್ಟೆಯಿಂದ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು ಸಿಗುತ್ತಾ ಅಂತ ಕೆಲವರು ಕೇಳುತ್ತಾರೆ. ಖಾಸಗಿ ಶಾಲೆಗಳಲ್ಲಿ ಬಡ ಮನೆಗಳ ಮಕ್ಕಳಿಗೆ ಅಂತ ಇರುವ ಆ ಶೇ. 25 ಸೀಟಿನ ಹಕ್ಕು ಎಂಟನೇ ಕ್ಲಾಸಿಗೇ ಮುಗಿಯುತ್ತದೆ. ಅದೂ 2019ರಿಂದ ಕರ್ನಾಟಕದಲ್ಲಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಕೊಡುವುದಿಲ್ಲ. ಹೈಸ್ಕೂಲು ಅಂದರೆ ಪೂರ್ತಿ ನಿಮ್ಮ ಜೇಬೇ.

ನನ್ನ ನಿಜವಾದ ಸಿಟ್ಟು ಫೀಸಿನ ಮೇಲೆ. 11 ಮಕ್ಕಳಲ್ಲಿ ಒಂದು ಮಗು ಬಿಟ್ಟರೆ ಶೇ. 9 ಆದಾಯ ಹೋಯಿತು ಅಂತ ಲೆಕ್ಕ, ಟೀಚರ್‌ಗಳ ಸಂಬಳ ಮಾತ್ರ ಅಷ್ಟೇ ಇರುತ್ತದೆ. ಎರಡನೇ ವರ್ಷ ಇಬ್ಬರು ಹೋದರು, ಉಳಿದವರಿಗೆ ವರ್ಷದ ಮಧ್ಯದಲ್ಲಿ 18,000 ರೂಪಾಯಿ ಜಾಸ್ತಿ ಆಯಿತು. ಕಷ್ಟ ಅರ್ಥ ಆಗುತ್ತದೆ. ಆದರೆ ಸೇರಿಸುವ ದಿನವೇ ಹೇಳಬಹುದಿತ್ತು ಅಲ್ವಾ? ನೀವು ಇಂಥ ಶಾಲೆ ನೋಡಲು ಹೋದರೆ ಮರ, ಗ್ರಂಥಾಲಯ, ಕುಂಬಾರಿಕೆ ಚಕ್ರ ಆಮೇಲೆ ನೋಡಿ. ಮೂರು ವರ್ಷದ ಹಿಂದೆ ಎಂಟಕ್ಕೆ ಎಷ್ಟು ಜನ ಸೇರಿದರು, ಅವರಲ್ಲಿ ಎಷ್ಟು ಜನ ಹತ್ತು ಮುಗಿಸಿದರು ಅಂತ ಮೊದಲು ಕೇಳಿ.

ಹತ್ತನೇ ಕ್ಲಾಸಿನ ಪರೀಕ್ಷೆ ಎನ್‌ಐಒಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ. ಐದು ವಿಷಯ, ವರ್ಷಕ್ಕೆ ಎರಡು ಸಲ ಪಬ್ಲಿಕ್ ಪರೀಕ್ಷೆ, ಎಲ್ಲ ಒಟ್ಟಿಗೇ ಬರೆಯಬೇಕು ಅಂತಿಲ್ಲ. ಮಗಳು ಎಲ್ಲ ಒಂದೇ ಸಲ ಬರೆದು ಪಾಸಾದಳು. ಪಿಯು ಕಾಲೇಜಿನ ಕೌಂಟರಲ್ಲಿ ಮಾರ್ಕ್ಸ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಓಪನ್ ಯೂನಿವರ್ಸಿಟಿನಾ ಮೇಡಂ?" ಅಂದರು. ಕೇಂದ್ರ ಸರ್ಕಾರದ್ದೇ ಬೋರ್ಡು, 1989ರಿಂದ ಇದೆ ಅಂತ ಹೇಳಿ ಹೇಳಿ ಗಂಟಲು ಒಣಗಿತು. ಸೀಟು ಸಿಕ್ಕಿತು ಅನ್ನಿ. ಈಗ ಅವಳ ಕ್ಲಾಸಲ್ಲಿ 70 ಜನ. ಮೊದಲ ವಾರ ಮನೆಗೆ ಬಂದು, "ಅಮ್ಮ, ಅಲ್ಲಿ ನನ್ನ ಹೆಸರೇ ಯಾರಿಗೂ ಗೊತ್ತಿಲ್ಲ" ಅಂದಳು. ಬೇಜಾರಲ್ಲಿ ಅಂದುಕೊಂಡೆ. ಅಲ್ಲವಂತೆ, ಖುಷಿಗೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಮಗ ಈಗ ಏಳನೇ ಕ್ಲಾಸು, ಅವನನ್ನೂ ಅಲ್ಲಿಗೇ ಹಾಕಬೇಕು ಅಂತ ಮನಸ್ಸಿದೆ. ಮುಂದಿನ ವರ್ಷ ಎಂಟಕ್ಕೆ ಯಾರು ಯಾರು ಬರುತ್ತಾರೆ ಅಂತ ಫೋನ್ ಮಾಡಿ ಕೇಳಿದೆ. ಸದ್ಯಕ್ಕೆ ಇಬ್ಬರು ಹುಡುಗರು, ಇನ್ನೊಬ್ಬರು ಯೋಚನೆ ಮಾಡುತ್ತಿದ್ದಾರಂತೆ. ಆ ಇನ್ನೊಬ್ಬರು ಯಾರು ಅಂದೆ. "ನೀವೇ ಮೇಡಂ" ಅಂದರು.