ಮಂಡಕ್ಕಿ ಭಟ್ಟಿಯ ಓಣಿಯಿಂದ ಎಂಐಟಿಗೆ ಒಂದು ಅರ್ಜಿ

ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಎಂಜಿನಿಯರಿಂಗ್ ಪ್ರವೇಶವೆಂದರೆ ಇಷ್ಟು ವರ್ಷ ಒಂದೇ ಲೆಕ್ಕ: ದ್ವಿತೀಯ ಪಿಯುಸಿಯ ಮೂರು ವಿಷಯಗಳ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ, ಎರಡೂ ಕೂಡಿದರೆ ರ‍್ಯಾಂಕ್. ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಗೆ ಅರ್ಜಿ ಹಾಕುತ್ತೇನೆಂದು ವಿದ್ಯಾರ್ಥಿಯೊಬ್ಬ ಬಂದು ನಿಂತಾಗ ಅವನ ಜೊತೆ ಮೂರು ತಿಂಗಳು ಕೂತು ಆ ಅರ್ಜಿಯ ಒಳಹೊರಗನ್ನು ನೋಡಿದೆ. ಈ ವಿಮರ್ಶೆ ಅದರದ್ದು.

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಗಳಾದ ಸ್ಯಾಟ್ ಅಥವಾ ಎಸಿಟಿಯಲ್ಲಿ ಒಂದು ಅಲ್ಲಿ ಕಡ್ಡಾಯ. ಕೊರೊನಾ ಕಾಲದಲ್ಲಿ ಕೈಬಿಟ್ಟಿದ್ದ ಈ ನಿಯಮವನ್ನು 2022ರಲ್ಲಿ ಮತ್ತೆ ತಂದರು. ಆದರೆ ಆ ಅಂಕ ಹೊಸ್ತಿಲು ದಾಟಿಸುತ್ತದೆಯೇ ಹೊರತು ಸೀಟು ಕೊಡಿಸುವುದಿಲ್ಲ. ಪಠ್ಯೇತರ ಚಟುವಟಿಕೆಗಳಿಗೆ ಇರುವುದು ನಾಲ್ಕೇ ಜಾಗ. ಪ್ರಮಾಣಪತ್ರಗಳ ಫೈಲು ಹೊತ್ತು ತಿರುಗುವ ನಮ್ಮ ಮಕ್ಕಳಿಗೆ ಇದೇ ಮೊದಲ ಆಘಾತ. ಕೇವಲ ಸಂತೋಷಕ್ಕಾಗಿ ನೀನು ಮಾಡುವ ಕೆಲಸ ಯಾವುದು ಎಂಬುದು ಕಿರುಪ್ರಬಂಧದ ಒಂದು ಪ್ರಶ್ನೆ. ಹುಡುಗ ಮೊದಲು ಒಲಿಂಪಿಯಾಡ್ ತಯಾರಿ ಎಂದು ಬರೆದಿದ್ದ. ನಾನು ಅದನ್ನು ಹೊಡೆದುಹಾಕಿದೆ. ಬಹಳ ಹೊತ್ತು ಸುಮ್ಮನಿದ್ದು, ಸಂಕೋಚದಿಂದಲೇ ಒಂದು ನೋಟ್‌ಬುಕ್ ತೆಗೆದ. ತಂದೆಯ ಮಂಡಕ್ಕಿ ಭಟ್ಟಿಯಲ್ಲಿ ಒಂದು ಸೇರು ಅಕ್ಕಿ ಮಳೆಗಾಲದಲ್ಲಿ ಎಷ್ಟು ಸೇರು ಮಂಡಕ್ಕಿಯಾಗುತ್ತದೆ, ಬೇಸಿಗೆಯಲ್ಲಿ ಎಷ್ಟು, ಮರಳು ಹೆಚ್ಚು ಕಾದಾಗ ಎಷ್ಟು ಸೀಯುತ್ತದೆ ಎಂದು ಎರಡು ವರ್ಷ ಬರೆದಿಟ್ಟಿದ್ದ. ಯಾಕೆ ಎಂದರೆ, "ಸುಮ್ನೆ ಸರ್" ಎಂದ. ಭೌತಶಾಸ್ತ್ರದ ಮೇಷ್ಟ್ರಾಗಿ ಎರಡು ವರ್ಷ ಅವನ ಎದುರು ನಿಂತಿದ್ದ ನನಗೆ ಆ ನೋಟ್‌ಬುಕ್ಕಿನ ಸುದ್ದಿಯೇ ಇರಲಿಲ್ಲ.

ಹೀಗಾಗಿ ಶಿಫಾರಸು ಪತ್ರ ನನ್ನ ಪಾಲಿಗೆ ಪರೀಕ್ಷೆಯೇ ಆಯಿತು. ಗಣಿತ ಅಥವಾ ವಿಜ್ಞಾನದ ಒಬ್ಬ ಅಧ್ಯಾಪಕರು, ಭಾಷೆ ಅಥವಾ ಮಾನವಿಕ ವಿಷಯಗಳ ಇನ್ನೊಬ್ಬರು ಬರೆಯಬೇಕು. "ಶ್ರಮಜೀವಿ, ಶಿಸ್ತಿನ ಹುಡುಗ" ಎಂದು ಶುರುಮಾಡಿದ ನನ್ನ ಮೊದಲ ಕರಡನ್ನು ತರಗತಿಯ 90 ಮಕ್ಕಳಲ್ಲಿ ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದಿತ್ತು. ಒಂದು ಭಾನುವಾರ ಅವನ ಓಣಿಗೇ ಹೋಗಿ, ಭಟ್ಟಿಯ ಬಿಸಿಗೆ ಬೆವರುತ್ತಾ ಅವನ ಲೆಕ್ಕ ನೋಡಿ ಬಂದ ಮೇಲೆ ಹೊಸದಾಗಿ ಬರೆದೆ. ನಮ್ಮ ಕನ್ನಡ ಮೇಷ್ಟ್ರಿಗೆ ಒಂದೇ ಸಂಜೆ ಸಾಕಾಯಿತು. ವಚನವೊಂದರ ಅರ್ಥದ ಬಗ್ಗೆ ಹುಡುಗ ತಮ್ಮೊಡನೆ ವಾದಿಸಿ, ಮರುದಿನ ತಾನೇ ಬಂದು ತನ್ನ ತಪ್ಪು ಒಪ್ಪಿಕೊಂಡದ್ದನ್ನು ಅವರು ಕನ್ನಡದಲ್ಲೇ ಬರೆದುಕೊಟ್ಟರು; ಇಂಗ್ಲಿಷ್ ಮಾಡಿದ್ದು ನಾನು. ನನ್ನದಕ್ಕಿಂತ ಅದೇ ಒಳ್ಳೆಯ ಪತ್ರ.

ಹಣದ ವಿಷಯದಲ್ಲಿ ಎಂಐಟಿಗೆ ಪೂರ್ಣ ಅಂಕ ಕೊಡುತ್ತೇನೆ. ಅರ್ಜಿ ಶುಲ್ಕ 75 ಡಾಲರ್, ಕಟ್ಟಲಾಗದವರಿಗೆ ವಿನಾಯಿತಿಯಿದೆ. ಆಯ್ಕೆ ಮಾಡುವಾಗ ಕುಟುಂಬದ ಆದಾಯ ನೋಡುವುದಿಲ್ಲ, ಆಯ್ಕೆಯಾದವರಿಗೆ ಅಗತ್ಯವಿರುವಷ್ಟೂ ನೆರವು ಕೊಡುತ್ತಾರೆ, ಮತ್ತು ಇದು ಹೊರದೇಶದವರಿಗೂ ಅನ್ವಯಿಸುತ್ತದೆ. ಚೀಲದ ಲೆಕ್ಕದಲ್ಲಿ ಬರುವ ಭಟ್ಟಿಯ ಆದಾಯವನ್ನು ಕಾಗದಕ್ಕಿಳಿಸುವುದಕ್ಕೆ ಮಾತ್ರ ಲೆಕ್ಕಪತ್ರದವರ ಬಳಿ ನಾಲ್ಕು ಸಲ ಅಲೆದೆವು. ಊರಿನ ಮಾರ್ಗದರ್ಶನ ಕೇಂದ್ರವೊಂದು ದೊಡ್ಡ ಮೊತ್ತ ಕೇಳಿ, ಪ್ರಬಂಧವನ್ನು ತಾನೇ ಬರೆದುಕೊಡುವುದಾಗಿ ಹೇಳಿತು. ಮಾದರಿಯಾಗಿ ತೋರಿಸಿದ ಎರಡು ಪ್ರಬಂಧಗಳಲ್ಲಿ ಇಬ್ಬರು ಬೇರೆ ಬೇರೆ ಮಕ್ಕಳು ಒಂದೇ ಅನಾಥಾಶ್ರಮಕ್ಕೆ ಹೋಗಿ ಒಂದೇ ಪಾಠ ಕಲಿತಿದ್ದರು.

ಈ ಪದ್ಧತಿಯ ಬಗ್ಗೆ ನನಗೆ ದೊಡ್ಡ ತಕರಾರೊಂದಿದೆ. ಅರ್ಜಿ ಹಾಕಿದ 100 ಜನರಲ್ಲಿ 5 ಜನರಿಗೂ ಅಲ್ಲಿ ಪ್ರವೇಶ ಸಿಗುವುದಿಲ್ಲ, ಹೊರದೇಶದವರಿಗಂತೂ ಇನ್ನೂ ಕಡಿಮೆ. ಸಿಗದವರಿಗೆ ಕಾರಣವನ್ನೂ ಹೇಳುವುದಿಲ್ಲ. ಇದಕ್ಕೆ ಹೋಲಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಿ; ಅದು 2011ರಲ್ಲಿ ಪದವಿ ಶಿಕ್ಷಣ ಆರಂಭಿಸಿತು. ಅಲ್ಲಿ ರಾಷ್ಟ್ರಮಟ್ಟದ ಪರೀಕ್ಷೆಯ ರ‍್ಯಾಂಕೇ ಮಾತಾಡುತ್ತದೆ. ಸೋತವನಿಗೆ ಎಷ್ಟರಲ್ಲಿ ಸೋತೆನೆಂದು ಗೊತ್ತಿರುತ್ತದೆ. ಮಂಡಕ್ಕಿಯ ನೋಟ್‌ಬುಕ್ ಆ ಪಟ್ಟಿಯಲ್ಲಿ ಕಾಣುವುದಿಲ್ಲ, ನಿಜ; ಆದರೂ ಮೇಷ್ಟ್ರಿಗೆ ಇಂಗ್ಲಿಷ್ ಬಾರದ ಹಳ್ಳಿಯ ಮಗುವಿಗೆ ನಾನು ಇಂದಿಗೂ ರ‍್ಯಾಂಕಿನ ದಾರಿಯನ್ನೇ ತೋರಿಸುತ್ತೇನೆ.

ನಮ್ಮ ಹುಡುಗನಿಗೆ ಎಂಐಟಿ ಸಿಗಲಿಲ್ಲ. ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಮುಂದೆ ಅರ್ಜಿ ಹಾಕುವವರು ಪ್ರಥಮ ಪಿಯುಸಿಯಲ್ಲೇ ಇಬ್ಬರು ಅಧ್ಯಾಪಕರ ಒಡನಾಟ ಬೆಳೆಸಿಕೊಳ್ಳಿ. ಜನವರಿಯ ಗಡುವಿಗೆ ಡಿಸೆಂಬರ್ ಕೊನೆಯಲ್ಲಿ ಬಂದು ಪತ್ರ ಕೇಳಿದರೆ ನನ್ನಂಥವರಿಂದ ಹೊರಬೀಳುವುದು ಆ ಹಳೆಯ "ಶ್ರಮಜೀವಿ"ಯೇ.